ಮೈಲುತುತ್ತಿನ ಒಂದು ಹರಳು

ಸಾವಿರದ ಒಂಬೈನೂರ ಎಂಬತ್ತೇಳರಲ್ಲಿ ನನ್ನ ಓದು ನಿಂತಿತು. ಎಂಟನೇ ಕ್ಲಾಸಿನ ಅರ್ಧದಲ್ಲಿ. ಯಾರೂ ಬಿಡಿಸಿದ್ದಲ್ಲ, ಫೇಲಾದದ್ದೂ ಅಲ್ಲ. ಆ ವರ್ಷ ನಮ್ಮ ಬೈಲಿನ ಒಬ್ಬರ ತೋಟಕ್ಕೆ ಹೊಸ ಪಂಪು ಬಂತು. ಅದನ್ನು ಕೂರಿಸಲು ಬಂದ ಮೇಸ್ತ್ರಿಯ ಹಿಂದೆ ಪೈಪು ಹೊತ್ತುಕೊಂಡು ಹೋದವನು ಮತ್ತೆ ಶಾಲೆಯ ಕಡೆ ತಿರುಗಲಿಲ್ಲ. ತೋಡಿನಲ್ಲಿ ಸುಮ್ಮನೆ ಮಲಗಿದ್ದ ನೀರು ಗುಡ್ಡೆಯ ಮೇಲಿನ ಪೈಪಿನ ಬಾಯಿಯಲ್ಲಿ ಕೆಮ್ಮಿ ಕೆಮ್ಮಿ, ಗಾಳಿ ಕಾರಿ, ಕೊನೆಗೆ ದಪ್ಪಕ್ಕೆ ಬಿದ್ದದ್ದನ್ನು ನೋಡಿದ ಮೇಲೆ, ಪುಸ್ತಕದಲ್ಲಿ ನೋಡಬೇಕಾದ್ದು ಇನ್ನು ಏನೂ ಉಳಿದಿಲ್ಲ ಅಂತ ನನಗೆ ಕಂಡಿತು. ಹದಿಮೂರು ವರ್ಷಕ್ಕೆ ಹಾಗೆ ಕಂಡರೆ ತಪ್ಪಲ್ಲ.

ಅಲ್ಲಿಂದ ಇಲ್ಲಿಯವರೆಗೆ ನನ್ನದು ನೀರಿನ ಕೆಲಸ. ನನ್ನ ಮನೆ ಮಂಡೆಕೋಲಿನ ಕಡೆ. ಇಲ್ಲಿಂದ ಕೊಲ್ಲಮೊಗ್ರಿನವರೆಗೆ, ಆಚೆ ಕಡಬದ ಬದಿಗೂ, ನಾನು ಪಂಪು ಕೂರಿಸಿದ, ತೋಟಕ್ಕೆ ನೀರು ಚಿಮ್ಮಿಸುವ ಜೆಟ್ಟು ಹಾಕಿದ ಮನೆಗಳು ತುಂಬ ಉಂಟು. ಒಂದು ಕೆಲಸಕ್ಕೆ ಇನ್ನೊಬ್ಬನನ್ನು ಕರೆದು ಅಭ್ಯಾಸ ಇಲ್ಲ. ನನ್ನ ಮನೆಯ ವೈರಿಂಗ್ ನನ್ನದೇ, ಸಾರಣೆ ನನ್ನದೇ, ಹೆಂಡತಿಯ ಮಿಕ್ಸಿ ಹಾಳಾದರೆ ಬಿಚ್ಚುವವನೂ ನಾನೇ. "ನಿಮ್ಮ ಹಲ್ಲನ್ನಾದರೂ ಡಾಕ್ಟ್ರ ಹತ್ರ ಕೀಳಿಸಿ ಮಾರಾಯ್ರೆ, ಅದಕ್ಕೂ ಪಕ್ಕಡು ಹುಡುಕ್ಬೇಡಿ" ಎಂದು ಅವಳು ಹೇಳಿದ್ದು ತಮಾಷೆಗೆ ಮಾತ್ರ ಅಲ್ಲ.

ಇಷ್ಟೆಲ್ಲ ಹೇಳಿದ್ದು ಜಂಬಕ್ಕೇ ಅಂತ ಇಟ್ಟುಕೊಳ್ಳಿ. ಇನ್ನು ಹೇಳಲಿಕ್ಕಿರುವುದು ಒಂದು ಬಾಟ್ಲಿಯನ್ನೂ ತುಂಬದಷ್ಟು ನೀರಿನ ವಿಷಯ.

ನಮ್ಮ ಮಗಳು ಗಂಡನ ಮನೆಯಿಂದ ವಾಪಸು ಬಂದದ್ದು ಒಂದು ಮಧ್ಯಾಹ್ನ. ಸುಳ್ಯದಿಂದ ರಿಕ್ಷಾ ಮಾಡಿಕೊಂಡು ಬಂದಿದ್ದಳು. ಕಾಲಿನ ಹತ್ತಿರ ಒಂದು ಬಟ್ಟೆಯ ಬ್ಯಾಗು, ಮಡಿಲಲ್ಲಿ ಒಂದು ಕಪ್ಪು ಪೆಟ್ಟಿಗೆ. ಆ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದಿದ್ದಳು. ನಮ್ಮ ರಸ್ತೆಯ ಹೊಂಡಗಳಿಗೆ ರಿಕ್ಷಾ ಹಾರಿದಾಗ ತಾನು ಹಾರಿದರೂ ಅದು ಹಾರಬಾರದು ಅನ್ನುವ ಹಾಗೆ. ಹೆಂಡತಿ ಜಗಲಿಗೆ ಬಂದು ನೋಡಿದಳು. "ಊಟ ಆಯ್ತಾ?" ಎಂದು ಕೇಳಿದಳು. "ಇಲ್ಲ" ಅಂದಳು ಮಗಳು. "ಕೈಕಾಲು ತೊಳ್ದು ಬಾ." ಅಷ್ಟೇ. ಮತ್ತೆ ಆ ವಿಷಯ ನಾವಾಗಿ ಕೇಳಲಿಲ್ಲ, ಅವಳಾಗಿ ಹೇಳಿದಷ್ಟನ್ನು ಕೇಳಿಸಿಕೊಂಡೆವು.

ಪೆಟ್ಟಿಗೆಯನ್ನು ನಾನು ಇಳಿಸಿಕೊಂಡೆ. ಎರಡು ಎಣ್ಣೆ ಡಬ್ಬಿ ಜೋಡಿಸಿಟ್ಟಷ್ಟೇ ದೊಡ್ಡದು, ಆದರೆ ಕಲ್ಲಿನಷ್ಟು ಭಾರ.

"ಇದೆಂತ ಮಗಾ?"

"ಕಂಪ್ಯೂಟರ್ ಅಪ್ಪ."

"ಇಷ್ಟೇಯಾ? ಬ್ಯಾಂಕಿನಲ್ಲೆಲ್ಲ ದೊಡ್ಡದು ಇರ್ತದಲ್ಲ."

"ಆ ಮನೆಯಲ್ಲಿ ನಂಗೆ ಇಷ್ಟಕ್ಕೇ ಜಾಗ ಇದ್ದದ್ದು."

ಅವಳು ಡಿಪ್ಲೊಮಾ ಕಲಿತವಳು. ಅವಳ ಕೆಲಸ ಏನೆಂದರೆ, ಇನ್ನೂ ಅಡಿಪಾಯದ ಪಂಚಾಂಗವೇ ಹಾಕದ ಮನೆಯನ್ನು ಕಟ್ಟಿ ಮುಗಿಸಿದ ಹಾಗೆ ಪರದೆಯ ಮೇಲೆ ತೋರಿಸುವುದು. ಗೋಡೆಗೆ ಬಣ್ಣ, ಕಿಟಕಿಯ ಗಾಜಿನಲ್ಲಿ ಎದುರಿನ ತೆಂಗಿನ ಮರದ ನೆರಳು, ಅಂಗಳದಲ್ಲಿ ಒಂದು ಕಾರು, ಎಲ್ಲ ಇರುತ್ತದೆ. ಪುತ್ತೂರು, ಸುಳ್ಯದ ಕಂಟ್ರಾಕ್ಟರುಗಳು ಅದನ್ನು ಮನೆ ಕಟ್ಟಿಸುವವರಿಗೆ ತೋರಿಸಿ ಒಪ್ಪಿಸುತ್ತಾರೆ. ಚಾವಡಿಯ ಮೂಲೆಯಲ್ಲಿ ಮೊದಲು ಹೊಲಿಗೆ ಮಿಷನ್ ಇದ್ದ ಜಾಗಕ್ಕೆ ನಾನೇ ಒಂದು ಮೇಜು ಮಾಡಿ ಕೊಟ್ಟೆ. ಅವಳು ಅಲ್ಲಿ ಕೂತಳು.

ಊರಿನಲ್ಲಿ ಕೇಳುವವರು ಕೇಳಿದರು. ಸೊಸೈಟಿಯ ಎದುರು, ಹಾಲಿನ ಡಿಪೋದಲ್ಲಿ. "ಮಗಳು ಬಂದಿದ್ದಾಳಂತೆ? ಎಷ್ಟು ದಿನ ಇರ್ತಾಳೆ?" ನಾನು "ಅವಳಿಗೆ ಕೆಲಸ ಉಂಟು" ಎಂದು ಹೇಳುತ್ತಿದ್ದೆ. ಕೇಳಿದ್ದಕ್ಕೆ ಅದು ಉತ್ತರವಲ್ಲ. ಆದರೆ ಅದರ ಮೇಲೆ ಇನ್ನೊಂದು ಪ್ರಶ್ನೆ ಕೇಳಲು ಯಾರಿಗೂ ಬಾಯಿ ಬರುತ್ತಿರಲಿಲ್ಲ. ಆ ಪೆಟ್ಟಿಗೆ ಮೇಜಿನ ಮೇಲೆ ಗುಂಯ್ ಅನ್ನುವಷ್ಟು ಹೊತ್ತು ಅವಳು ಯಾರ ಮನೆಯಲ್ಲೂ ಬಂದು ಕೂತವಳಲ್ಲ, ತನ್ನ ಕೆಲಸದಲ್ಲಿ ಕೂತವಳು. ನನಗೂ ಹಾಗೇ ಕಂಡದ್ದು, ಅವಳಿಗೂ ಹಾಗೇ.

ಹೀಗಿರುವಾಗ ಪುತ್ತೂರಿನ ಒಬ್ಬ ಎಂಜಿನಿಯರ್ ಅವಳಿಗೆ ದೊಡ್ಡ ಕೆಲಸ ಕೊಟ್ಟರು. ಕಾಲೇಜಿನ ಒಂದು ಹಾಸ್ಟೆಲು. ಬರೇ ಚಿತ್ರ ಸಾಲದು, ಗೇಟಿನಿಂದ ಒಳಗೆ ನಡೆದು, ಮೆಟ್ಟಿಲು ಹತ್ತಿ, ರೂಮು ನೋಡಿ ಬಂದ ಹಾಗೆ ಓಡುವ ಚಿತ್ರ ಬೇಕು. ಕಮಿಟಿಯವರ ಮೀಟಿಂಗ್ ಮಳೆಗಾಲ ಶುರುವಾದ ಮೇಲೆ. ಅದು ಹಿಡಿಸಿದರೆ ಮುಂದೆ ತಮ್ಮ ಆಫೀಸಿನ ಎಲ್ಲ ಚಿತ್ರದ ಕೆಲಸವೂ ನಿನಗೇ, ಮನೆಯಲ್ಲೇ ಕೂತು ಮಾಡು, ಎಂದಿದ್ದರು. ಮಗಳು ಅದನ್ನು ಅಡುಗೆಮನೆಯಲ್ಲಿ ತಾಯಿಗೆ ಹೇಳುವಾಗ ನಾನು ಹಿತ್ತಿಲಲ್ಲಿ ಕೇಳಿಸಿಕೊಂಡೆ. ಅವಳ ಸ್ವರ ಮದುವೆಗೆ ಮೊದಲಿನ ಸ್ವರ ಆಗಿತ್ತು.

ತೊಂದರೆ ಶುರುವಾದದ್ದು ಶಾಖದಿಂದ. ಮಾರ್ಚಿಗೇ ನಮ್ಮಲ್ಲಿ ಹಂಚಿನ ಅಡಿ ಬೇಯುತ್ತದೆ. ಇಂಥ ಚಿತ್ರಕ್ಕೆ ಬೇಕು ಅಂತ ಅವಳು ಒಂದು ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದಳು. ಆ ಸಣ್ಣ ಪೆಟ್ಟಿಗೆಯೊಳಗೆ ಅದು ಒಲೆಯ ಹಾಗೆ ಕಾಯುತ್ತಿತ್ತು. ಬಿಸಿ ಹೆಚ್ಚಾದರೆ ಯಂತ್ರ ತನ್ನಷ್ಟಕ್ಕೇ ನಿಧಾನ ಆಗುತ್ತದಂತೆ, ಇನ್ನೂ ಹೆಚ್ಚಾದರೆ ನಿಂತೇ ಹೋಗುತ್ತದಂತೆ. ಒಂದು ಬೆಳಿಗ್ಗೆ ಅವಳು ಪೆಟ್ಟಿಗೆಯ ಬದಿಯ ಗಾಜು ತೆಗೆದು ಟೇಬಲ್ ಫ್ಯಾನ್ ಇಟ್ಟು ಕೂತಿದ್ದಳು. ನಾನು ಬಗ್ಗಿ ನೋಡಿದೆ. ಒಳಗೆ ಬೆರಳಿನಷ್ಟು ದಪ್ಪದ ಎರಡು ಟ್ಯೂಬು, ಅದರಲ್ಲಿ ಏನೋ ಅಲುಗುತ್ತಿತ್ತು.

"ಇದೆಂತ, ನೀರಾ?"

"ಹೌದು ಅಪ್ಪ. ಮೊದಲಿಂದ್ಲೂ ಉಂಟು."

"ಕರೆಂಟಿನ ಒಳಗೆ ನೀರು! ಯಾರವ ಇದನ್ನು ಮಾಡಿದ್ದು? ಅವನನ್ನು ಮೊದಲು ನಂಗೆ ತೋರಿಸು."

ಅವಳು ನಕ್ಕಳು. ಆಮೇಲೆ ವಿವರಿಸಿದಳು. ಬಿಸಿಯಾಗುವ ಚಿಪ್ಪಿನ ಮೇಲೆ ಒಂದು ತಾಮ್ರದ ಬಿಲ್ಲೆ, ಬಿಲ್ಲೆಯೊಳಗೆ ನೀರು ಹಾದು ಹೋಗಿ ಬಿಸಿ ಹಿಡಿದುಕೊಳ್ಳುವುದು, ರೇಡಿಯೇಟರಿಗೆ ಬಂದು ಫ್ಯಾನಿನ ಗಾಳಿಗೆ ತಣಿಯುವುದು, ಪಂಪು ಪುನಃ ದೂಡುವುದು. ಈಗ ಇರುವುದು ಒಂದೇ ಚಿಪ್ಪಿಗೆ ಸಾಕಾಗುವಷ್ಟು. ಹೊಸ ಕಾರ್ಡಿಗೂ ನೀರು ಕೊಡಬೇಕಾದರೆ ದೊಡ್ಡ ರೇಡಿಯೇಟರ್ ಬೇಕು, ಗಟ್ಟಿ ಪಂಪು ಬೇಕು, ಟ್ಯೂಬೆಲ್ಲ ಹೊಸದಾಗಿ ಎಳೆಯಬೇಕು. ಇಷ್ಟು ಸಣ್ಣ ಪೆಟ್ಟಿಗೆಯಲ್ಲಿ ಅದನ್ನು ಮಾಡಿ ಕೊಡುವವರು ಇಲ್ಲಿ ಯಾರೂ ಇಲ್ಲ.

"ಯಾರೂ ಇಲ್ಲ ಅಂದ್ರೆ? ಪಂಪು, ಪೈಪು, ರೇಡಿಯೇಟರು. ಇಷ್ಟೇ ಅಲ್ವಾ? ನಾನು ಮತ್ತೆ ಮೂವತ್ತೇಳು ವರ್ಷದಿಂದ ಎಂತ ಮಾಡಿದ್ದು?"

ಅವಳು ನನ್ನ ಮುಖ ನೋಡಿದಳು. ಬೇಡ ಅನ್ನಬಹುದಿತ್ತು, ಅನ್ನಲಿಲ್ಲ. ನನಗೆ ಆ ದಿನ ಆದ ಖುಷಿ ಹೇಳಲಾರೆ. ಮಗಳು ಶಾಲೆಯ ಮೆಟ್ಟಿಲು ಹತ್ತಿದ ಮೇಲೆ ಅವಳ ಒಂದು ವಿಷಯವೂ ನನ್ನ ಕೈಗೆ ಸಿಕ್ಕಿರಲಿಲ್ಲ. ಗಂಡನ ಮನೆಯ ವಿಷಯವಂತೂ ಬಿಡಿ. ಈಗ ಒಂದು ಸಿಕ್ಕಿತು, ಅದೂ ನೀರು.

ಪುತ್ತೂರಿನ ಕಂಪ್ಯೂಟರ್ ಅಂಗಡಿಗೆ ಇಬ್ಬರೂ ಪಿಕಪ್ಪಿನಲ್ಲಿ ಹೋದೆವು. ಅಂಗಡಿಯವ ಸಾಮಾನು ತರಿಸಿ ಇಟ್ಟಿದ್ದ. ಪಂಪು ನನ್ನ ಮುಷ್ಟಿಯಷ್ಟೂ ಇರಲಿಲ್ಲ.

"ಇದು ಎಷ್ಟು ಎಚ್‌ಪಿ?" ಎಂದು ಕೇಳಿದೆ.

"ಅಣ್ಣ, ಇದರಲ್ಲಿ ತೋಟಕ್ಕೆ ನೀರು ಬಿಡ್ಲಿಕ್ಕೆ ಆಗುದಿಲ್ಲ" ಅಂದ ಅವ.

"ನಿನ್ನ ತೋಟ ಅಂಗೈಯಷ್ಟು ಇದ್ರೆ ಆಗ್ತದೆ" ಅಂದೆ ನಾನು. ಎಲ್ಲರೂ ನಕ್ಕರು.

ಮಗಳು ರೇಡಿಯೇಟರನ್ನು ತಿರುಗಿಸಿ ಮುರುಗಿಸಿ ನೋಡಿದಳು. ಮೈಯೆಲ್ಲ ಕಪ್ಪು ಬಣ್ಣ. "ಇದು ತಾಮ್ರದ್ದೇ ಅಲ್ವಾ? ಅಲ್ಯೂಮಿನಿಯಂ ಆಗುದಿಲ್ಲ" ಎಂದು ಎರಡು ಸಲ ಕೇಳಿದಳು. ತಾಮ್ರದ ಬಿಲ್ಲೆ ಇರುವ ನೀರಿಗೆ ಬೇರೆ ಲೋಹ ಸೇರಬಾರದು ಅಂತ ಅವಳಿಗೆ ಗೊತ್ತಿತ್ತು. "ತಾಮ್ರವೇ ಅಕ್ಕ. ಈಗ ಬರುದೆಲ್ಲ ತಾಮ್ರದ್ದೇ" ಅಂದ ಅಂಗಡಿಯವ. ನಾನು ಕೈಯಲ್ಲಿ ಎತ್ತಿ ನೋಡಿ, "ತಾಮ್ರಕ್ಕೆ ಇದು ಸ್ವಲ್ಪ ಹಗುರ ಆಯ್ತಲ್ಲ" ಅಂದೆ. "ತೆಳು ಇರ್ತದೆ ಅಪ್ಪ, ಒಳಗೆ ಟೊಳ್ಳು" ಎಂದಳು ಮಗಳು. ಸರಿ, ಇರಬಹುದು. ನಾನು ತೂಗಿ ಗೊತ್ತಿದ್ದದ್ದು ಮೋಟಾರಿನ ತಾಮ್ರ, ಕಂಪ್ಯೂಟರಿನ ತಾಮ್ರ ಅಲ್ಲ.

ಕೂರಿಸುವ ಕೆಲಸ ಒಂದು ಆದಿತ್ಯವಾರ ಹಿಡಿಯಿತು. ಬೆಳಿಗ್ಗೆಯೇ ಸ್ನಾನ ಮಾಡಿ, ದೇವರಿಗೆ ಕೈ ಮುಗಿದು ಬಂದೆ. ದೊಡ್ಡ ಪಂಪು ಬಾವಿಗೆ ಇಳಿಸುವ ದಿನವೂ ನಾನು ಹಾಗೇ. ರೇಡಿಯೇಟರನ್ನು ನಮ್ಮ ಸುರಂಗದ ನೀರಿನಲ್ಲಿ ತೊಳೆದೆ. ಗುಡ್ಡೆಯ ಹೊಟ್ಟೆಯೊಳಗೆ ಅಡ್ಡಕ್ಕೆ ಕೊರೆದ ಸುರಂಗ, ನಮ್ಮ ಅಜ್ಜನ ಕಾಲದ್ದು; ಅಂಥ ನೀರು ಈ ಸೀಮೆಯಲ್ಲಿ ಇಲ್ಲ. ಒಳಗೆ ಓಡಿಸಲಿಕ್ಕೂ ಅದೇ ಸಾಕು ಅಂದೆ. ಮಗಳು ಒಪ್ಪಲಿಲ್ಲ. ಗ್ಯಾರೇಜಿನಿಂದ ಬ್ಯಾಟರಿ ನೀರೇ ಬೇಕು ಅಂದಳು. ಅದು ರುಚಿಯೂ ಇಲ್ಲದ, ಸತ್ತ ನೀರು. ಇರಲಿ ಅಂತ ತಂದೆ.

ನನ್ನ ಕೈ ಆ ಪೆಟ್ಟಿಗೆಯ ಒಳಗೆ ಹೋಗಲಿಲ್ಲ. ಇದು ಮೊದಲನೇ ಪಾಠ. ಎರಡು ಬೆರಳು ಹೋಗುತ್ತದೆ, ಮೂರನೆಯದಕ್ಕೆ ಯಾವುದೋ ವಯರು ಸಿಕ್ಕುತ್ತದೆ. ಒಂದು ಜಾಯಿಂಟಿಗೆ ಸ್ಪಾನರ್ ಹಿಡಿದದ್ದಕ್ಕೆ ಮಗಳು ಕಿರುಚಿದಳು. "ಕೈಯಲ್ಲಿ ಮಾತ್ರ ತಿರುಗಿಸಿ ಅಪ್ಪ, ಒಡೀತದೆ!" ಪಂಪಿನ ತೊಟ್ಟಿ ಪ್ಲಾಸ್ಟಿಕ್ಕಿನದು. ಜೀವಮಾನ ಇಡೀ ಬಿಗಿ ಮಾಡಿಯೇ ಅನ್ನ ತಿಂದವನಿಗೆ, ಬಿಗಿ ಮಾಡಬೇಡ ಅಂದರೆ ಕೈ ಎಲ್ಲಿಡಬೇಕು ಅಂತ ಗೊತ್ತಾಗುವುದಿಲ್ಲ. ಮಧ್ಯಾಹ್ನದ ಮೇಲೆ ನಾನು ಟ್ಯೂಬು ಅಳತೆಗೆ ಕೊಯ್ದು ಕೊಡುವುದು, ಟಾರ್ಚ್ ಹಿಡಿಯುವುದು ಇಷ್ಟೇ ಮಾಡಿದೆ. ಜೋಡಿಸಿದ್ದೆಲ್ಲ ಅವಳೇ.

ಆದರೆ ನೀರು ತುಂಬಿಸಿ ಪಂಪು ಬಿಟ್ಟಾಗ ನೀರು ಅರ್ಧಕ್ಕೆ ನಿಂತಿತು. ಪಂಪು ಗರಗರ ಅಂತ ಬರೇ ಸದ್ದು ಮಾಡಿತು. ಮಗಳ ಮುಖ ಸಪ್ಪೆಯಾಯಿತು.

"ಗಾಳಿ ಹಿಡಿದದ್ದು" ಅಂದೆ. "ಇದಕ್ಕೆ ಕಂಪ್ಯೂಟರ್ ಕಲೀಬೇಕಾ?"

ಪೆಟ್ಟಿಗೆಯನ್ನು ಎತ್ತಿ ಮೆಲ್ಲ ಎಡಕ್ಕೆ ಬಗ್ಗಿಸಿದೆ, ಬಲಕ್ಕೆ ಬಗ್ಗಿಸಿದೆ, ರೇಡಿಯೇಟರಿನ ಬಾಯಿ ಮೇಲೆ ಬರುವ ಹಾಗೆ ಹಿಡಿದುಕೊಂಡೆ. ಗುಳುಗುಳು ಅಂತ ಗುಳ್ಳೆ ಎದ್ದು ತೊಟ್ಟಿಗೆ ಬಂತು. ಪಂಪಿನ ಸದ್ದು ಇಳಿಯಿತು. ಟ್ಯೂಬಿನಲ್ಲಿ ನೀರು ಇದೆಯೋ ಇಲ್ಲವೋ ಅನ್ನುವಷ್ಟು ಸಲೀಸಾಗಿ ಓಡಿತು. ಹೆಂಡತಿ ಬಾಗಿಲಲ್ಲಿ ನಿಂತು, "ಬಾಲವಾಡಿಗೆ ಹೋಗುವಾಗ ಇವಳನ್ನೂ ನೀವು ಹೀಗೇ ಎತ್ತಿ ಆಡಿಸ್ತಾ ಇದ್ರಿ" ಅಂದಳು. ಮಗಳು ಪರದೆಯ ಮೇಲಿನ ಅಂಕಿ ತೋರಿಸಿದಳು. ಎಂಬತ್ತೈದರ ಮೇಲೆ ಕುದಿಯುತ್ತಿದ್ದದ್ದು ಅರವತ್ತು ದಾಟಲಿಲ್ಲ. ಆ ರಾತ್ರಿ ನಮ್ಮಲ್ಲಿ ಕೋಳಿ ಸಾರು.

ಎಪ್ರಿಲ್ ಪೂರ್ತಿ ಚೆನ್ನಾಗಿ ಓಡಿತು. ಮೇ ತಿಂಗಳಲ್ಲಿ ಮಗಳು ಒಂದು ದಿನ ಟ್ಯೂಬು ತೋರಿಸಿ, "ಅಪ್ಪ, ಇದು ಹಸಿರಾ?" ಎಂದು ಕೇಳಿದಳು. ಹಸಿರೇ. ತೊಟ್ಟಿಯ ಮೂಲೆಯಲ್ಲಿ ಎಳೆ ಎಳೆ ಪಾಚಿ. ಕಿಟಕಿಯ ಬಿಸಿಲು ನೇರ ಬೀಳುವ ಜಾಗ ಅದು. ನಮ್ಮ ಟಾಂಕಿಯಲ್ಲೂ ಹಾಗೇ ಆಗುತ್ತದೆ. ಬಿಟ್ಟರೆ ಬಿಲ್ಲೆಯ ಸಣ್ಣ ಸಣ್ಣ ಗೀರುಗಳಲ್ಲಿ ಕಟ್ಟಿಕೊಂಡು ನೀರು ನಿಂತೀತು ಅಂತ ಅವಳಿಗೆ ಹೆದರಿಕೆ. ಹಾಸ್ಟೆಲಿನ ಚಿತ್ರ ಅರ್ಧ ಆಗಿತ್ತು.

ಮೊಬೈಲಿನಲ್ಲಿ ಹುಡುಕುತ್ತಾ ಕೂತವಳು ಒಮ್ಮೆಗೇ ನಕ್ಕಳು.

"ಅಪ್ಪ, ಪಾಚಿ ಆಗದ ಹಾಗೆ ಹಾಕುವ ಮದ್ದು ಉಂಟಂತೆ. ಸಣ್ಣ ಬಾಟ್ಲಿಯಲ್ಲಿ ಬರ್ತದೆ. ಅದರಲ್ಲಿ ಇರುದು ಎಂತ ಹೇಳಿ?"

"ಎಂತ?"

"ಕಾಪರ್ ಸಲ್ಫೇಟ್!"

ನಾನು ಎದ್ದು ನಿಂತೆ. ಆ ಎರಡು ಇಂಗ್ಲಿಷ್ ಶಬ್ದ ನನಗೆ ಗೊತ್ತಿಲ್ಲದ್ದಲ್ಲ. ನಮ್ಮ ಕೊಟ್ಟಿಗೆಯ ಅಟ್ಟದಲ್ಲಿರುವ ಚೀಲದ ಮೇಲೆ ಬರೆದದ್ದೇ ಅದು. ಮೈಲುತುತ್ತು. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಾರದ ಹಾಗೆ, ಸುಣ್ಣದ ನೀರಿಗೆ ಸೇರಿಸಿ ಗೊನೆಗೆ ಬಿಡುವ ಮದ್ದು. ನವಿಲಿನ ಕತ್ತಿನ ಬಣ್ಣದ ಹರಳು. ನಮ್ಮ ಕಡೆಯಲ್ಲಿ ಮಕ್ಕಳಿಗೂ ಗೊತ್ತು.

"ಬಾಟ್ಲಿ ಬರ್ಲಿಕ್ಕೆ ವಾರ ಬೇಕಂತೆ" ಅಂದಳು ಮಗಳು.

"ಬಾಟ್ಲಿ ಎಂತಕ್ಕೆ? ಚೀಲವೇ ಉಂಟಲ್ಲ!"

ಆ ಹೊತ್ತಿಗೆ ಹೆಂಡತಿ ಬಂದಳು. "ಅಡಿಕೆ ಮರಕ್ಕೂ ಅದೇ, ಕಂಪ್ಯೂಟರಿಗೂ ಅದೇ. ಇನ್ನು ನನ್ನ ಗಂಟುನೋವಿಗೂ ಅದನ್ನೇ ಅರೆದು ಕೊಡಿ" ಎಂದಳು. ಮೂವರೂ ನಕ್ಕದ್ದು ನನಗೆ ಈಗಲೂ ಕೇಳುತ್ತದೆ.

ನಾನು ವಿಚಾರ ಮಾಡದೆ ಹಾಕಿದ್ದಲ್ಲ. ಮೈಲುತುತ್ತನ್ನು ಕರಗಿಸುವುದು ಪ್ಲಾಸ್ಟಿಕ್ಕಿನ ಡ್ರಮ್ಮಿನಲ್ಲಿ. ಕಬ್ಬಿಣ, ಅಲ್ಯೂಮಿನಿಯಂ ಪಾತ್ರೆಗೆ ಹಾಕಿದರೆ ಪಾತ್ರೆಯನ್ನೇ ತಿನ್ನುತ್ತದೆ. ಮದ್ದು ಹದ ಬಂತಾ ಅಂತ ನೋಡುವುದೂ ಅದರಿಂದಲೇ. ಹೊಳೆಯುವ ಕತ್ತಿಯನ್ನು ಡ್ರಮ್ಮಿಗೆ ಅದ್ದಿ ತೆಗೆಯಬೇಕು. ಕತ್ತಿಯ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು ಅಂತ ಅರ್ಥ, ಇನ್ನಷ್ಟು ಸುಣ್ಣ ಹೊಯ್ಯಬೇಕು. ಮಗಳು ಸಣ್ಣವಳಿದ್ದಾಗ ಕತ್ತಿ ಅದ್ದುವ ಕೆಲಸ ಅವಳದ್ದೇ. "ಅಪ್ಪಾ, ಕೆಂಪು! ಸುಣ್ಣ ಸಾಲ್ಲಿಲ್ಲ!" ಎಂದು ಕೂಗುತ್ತಿದ್ದಳು. ಇದೆಲ್ಲ ಗೊತ್ತಿದ್ದೇ ಕೇಳಿದೆ. "ಒಳಗೆ ಪೂರಾ ತಾಮ್ರವೇ ಅಲ್ವಾ ಮಗಾ?" ಅವಳು ಸ್ವಲ್ಪ ಯೋಚಿಸಿ, "ಅಂಗಡಿಯವರು ಹೇಳಿದ್ದು ಹಾಗೇ ಅಲ್ವಾ" ಅಂದಳು. ತಾಮ್ರಕ್ಕೆ ಮೈಲುತುತ್ತು ಏನೂ ಮಾಡುವುದಿಲ್ಲ.

ಹೆಸರುಕಾಳಿನಷ್ಟು ದೊಡ್ಡ ಒಂದು ಹರಳು ಆರಿಸಿದೆ. ಬ್ಯಾಟರಿ ನೀರಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ ಕೊಟ್ಟೆ. ಮಗಳು ಹಳೆ ನೀರು ಚೆಲ್ಲಿ ಹೊಸತು ತುಂಬಿಸಿದಳು. ನಾನು ಪೆಟ್ಟಿಗೆ ಬಗ್ಗಿಸಿ ಗಾಳಿ ತೆಗೆದೆ. ಟ್ಯೂಬಿನಲ್ಲಿ ನೀರು ಕಂಡೂ ಕಾಣದ ನೀಲಿಗೆ ತಿರುಗಿತು. ಅದನ್ನು ಓಡಲು ಬಿಟ್ಟು ನಾವಿಬ್ಬರೂ ಅದರ ಎದುರು ಚಾ ಕುಡಿದೆವು. ಅವಳ ಕೆಲಸ ಮತ್ತು ನನ್ನ ಕೆಲಸ ಒಂದೇ ನೀರಿನಲ್ಲಿ ಓಡುತ್ತಿತ್ತು.

ಸ್ವಲ್ಪ ದಿನದಲ್ಲಿ ಪಾಚಿ ಹೋಯಿತು. ನೀಲಿಯೂ ಹೋಯಿತು.

"ನೀಲಿ ಪೂರಾ ಹೋಗಿದೆ ಅಪ್ಪ" ಅಂದಳು.

"ಪಾಚಿಯನ್ನು ಕೊಂದು ತಾನೂ ಮುಗಿಯಿತು" ಅಂದೆ.

ಮಳೆ ಹಿಡಿಯಿತು. ಮೀಟಿಂಗಿಗೆ ಇನ್ನು ಮೂರು ದಿನ ಇತ್ತು. ಚಿತ್ರ ಎಲ್ಲ ಆಗಿ, ಯಂತ್ರ ಅದನ್ನು ಓಡುವ ಹಾಗೆ ಕೂಡಿಸುವ ಕೆಲಸದಲ್ಲಿತ್ತು. ಅದಕ್ಕೆ ಹಗಲು ರಾತ್ರಿ ಓಡಬೇಕಂತೆ, ಮುಟ್ಟಬಾರದಂತೆ. ಕರೆಂಟು ಹೋದರೆ ಅಂತ ನಾನು ಇನ್ವರ್ಟರಿನ ವಯರು ಎಳೆದು ಕೊಟ್ಟಿದ್ದೆ. ಹೀಗೆ ಕೂಡಿಸುತ್ತಿರುವ ಮಧ್ಯಾಹ್ನ, ಊಟ ಆಗಿ ನಾನು ಜಗಲಿಯಲ್ಲಿ ಪಂಪಿನ ಒಂದು ಫುಟ್‌ವಾಲ್ ಬಿಚ್ಚಿ ಕೂತಿದ್ದೆ.

"ಅಪ್ಪಾ."

ಕೂಗಿದ್ದಲ್ಲ, ಮೆಲ್ಲಗೆ ಕರೆದದ್ದು. ಅದಕ್ಕೇ ಓಡಿದೆ.

ಪರದೆ ಕಪ್ಪಾಗಿತ್ತು. ಪೆಟ್ಟಿಗೆಯ ಗಾಜಿನ ಒಳಗೆ ರೇಡಿಯೇಟರಿನ ಅಡಿಯಲ್ಲಿ ಒಂದು ಹನಿ ನೇತಾಡುತ್ತಿತ್ತು. ಅದು ಬಿದ್ದಿತು. ಕೆಳಗೆ ಕಾರ್ಡಿನ ಮೇಲೆ ಮೊದಲೇ ಬಿದ್ದದ್ದು ಎಷ್ಟೋ. ಇನ್ನೊಂದು ಹನಿ ತುಂಬಿಕೊಳ್ಳಲು ಶುರುವಾಯಿತು. ನಾನು ಪ್ಲಗ್ಗು ಎಳೆದೆ. ಎಳೆದ ಮೇಲೂ ಹನಿ ಬಿದ್ದಿತು. ತೋಟದಲ್ಲಿ ಪೈಪು ಒಡೆದರೆ ಎಲ್ಲಾದರೂ ಒಂದು ವಾಲ್ ಇರುತ್ತದೆ, ಓಡಿ ಹೋಗಿ ತಿರುಗಿಸಬಹುದು. ಕೈಯಲ್ಲಿ ಅಮುಕಿ ಹಿಡಿಯಬಹುದು, ಟ್ಯೂಬಿನ ರಬ್ಬರು ಸುತ್ತಬಹುದು. ಇಲ್ಲಿ ಮುಚ್ಚಲು ಏನೂ ಇಲ್ಲ. ನನ್ನ ಕೈ ಒಳಗೆ ಹೋಗುವುದೂ ಇಲ್ಲ. ಮಗಳೇ ತನ್ನ ಶಾಲಿನ ತುದಿಯನ್ನು ಕಾರ್ಡಿನ ಮೇಲೆ ಒತ್ತಿ ಹಿಡಿದಳು. ನಾನು ಪೆಟ್ಟಿಗೆಯನ್ನು ಬಗ್ಗಿಸಿ ಹಿಡಿದೆ, ಮೊದಲು ಗಾಳಿ ತೆಗೆಯಲು ಹಿಡಿದ ಹಾಗೆಯೇ.

"ಮಾಡಿದ್ದೆಲ್ಲ ಹೋಯ್ತಾ?" ಎಂದು ಕೇಳಿದೆ.

"ಚಿತ್ರ ಬೇರೆ ಕಡೆ ಉಂಟು. ಕೂಡಿಸ್ಲಿಕ್ಕೆ ಯಂತ್ರ ಇಲ್ಲ."

ಒದ್ದೆಯಾದ ಮೋಟಾರನ್ನು ಒಣಗಿಸಲು ನಮ್ಮಲ್ಲಿ ಒಂದು ಕ್ರಮ ಉಂಟು. ಮೋಟಾರಿನ ಹೊಟ್ಟೆಯೊಳಗೆ ಒಂದು ಹಳೆಯ ದೊಡ್ಡ ಬಲ್ಬು ಉರಿಸಿ ಇಡುವುದು. ಸಣ್ಣ ಶಾಖಕ್ಕೆ ಸುತ್ತಿನ ಒಳಗಿನ ಪಸೆ ಎಲ್ಲ ಆರುತ್ತದೆ. ಹೊಳೆಗೆ ಬಿದ್ದ ಮೋಟಾರನ್ನೂ ನಾನು ಹಾಗೆ ಬದುಕಿಸಿದ್ದೇನೆ. ಕಾರ್ಡನ್ನು, ಬೋರ್ಡನ್ನು ಮರದ ಪೆಟ್ಟಿಗೆಯಲ್ಲಿ ಇಟ್ಟು ಬಲ್ಬು ಉರಿಸಿದೆ. ಮಗಳು ಬೇಡ ಅನ್ನಲಿಲ್ಲ. ಅವಳು ಬೇಡ ಅಂದಿದ್ದರೆ ಒಳ್ಳೆಯದಿತ್ತು. ಆಗ ಜಗಳ ಆದರೂ ಮಾಡಬಹುದಿತ್ತು. ಅವಳು ಬಾಗಿಲಲ್ಲಿ ನಿಂತು ಆ ಹಳದಿ ಬೆಳಕನ್ನು ನೋಡಿ, ಒಳಗೆ ಹೋಗಿ ತಾಯಿಯ ಹತ್ತಿರ ಮಲಗಿದಳು. ನಾನು ಆಗಾಗ ಎದ್ದು ಹೋಗಿ ಬಿಸಿ ಮುಟ್ಟಿ ನೋಡಿದೆ. ಮಾಡಲಿಕ್ಕೆ ಇದ್ದದ್ದು ಅದೊಂದೇ.

ಮರುದಿನ ಅವಳು ಎಂಜಿನಿಯರಿಗೆ ಫೋನು ಮಾಡಿದಳು. ನನಗೆ ಕೇಳಿದ್ದು ಇವಳ ಮಾತು ಮಾತ್ರ. "ಹೌದು ಸರ್... ಇಲ್ಲ ಸರ್, ಆಗುದಿಲ್ಲ... ಫೈಲೆಲ್ಲ ಉಂಟು ಸರ್, ಬೇರೆಯವರಲ್ಲಿ ಮಾಡಿಸಿ... ಪರವಾಗಿಲ್ಲ ಸರ್." ಫೋನು ಇಟ್ಟ ಮೇಲೆ ಕೇಳಿದೆ.

"ನಾನು ಒಮ್ಮೆ ಹೋಗಿ ಅವರತ್ರ ಮಾತಾಡ್ಬೇಕಾ?"

"ಹೋಗಿ ಎಂತ ಹೇಳ್ತೀರಿ ಅಪ್ಪ?"

ಬೈದದ್ದಲ್ಲ. ನಿಜವಾಗಿ ಕೇಳಿದ್ದು.

ಬಲ್ಬಿನಿಂದ ಕೆಲಸ ಆಗಲಿಲ್ಲ. ಪುತ್ತೂರಿನ ಅಂಗಡಿಯವ ಕಾರ್ಡನ್ನು ಬೆಳಕಿಗೆ ಹಿಡಿದು, "ಸುಟ್ಟಿದೆ ಅಣ್ಣ. ಬೋರ್ಡೂ ಹೋಗಿದೆ" ಅಂದ. ತಾಮ್ರಕ್ಕೆ ಹೀಗೆ ತೂತು ಬೀಳಲಿಕ್ಕಿಲ್ಲ, ರೇಡಿಯೇಟರ್ ತಾಮ್ರದ್ದು ಅಂದೆಯಲ್ಲ ಅಂತ ಕೇಳಿದ್ದಕ್ಕೆ ಅವನ ಮುಖ ಸಣ್ಣದಾಯಿತು. "ನಂಗೆ ಕೊಟ್ಟವರು ಹಾಗೇ ಹೇಳಿದ್ದು ಅಣ್ಣ. ಬಣ್ಣ ಕೆರೆದು ನೋಡ್ಲಿಕ್ಕೆ ಆಗ್ತದಾ?" ಆಗುವುದಿಲ್ಲ. ಬೈಯಲು ಹೋದವನು ಬೈಯದೆ ಬಂದೆ.

ಮನೆಗೆ ಬಂದು ರೇಡಿಯೇಟರನ್ನು ವೈಸಿಗೆ ಹಿಡಿಸಿ ಹ್ಯಾಕ್ಸೋ ಬ್ಲೇಡಿನಲ್ಲಿ ಕೊಯ್ದೆ. ಬಿಳಿ ಹುಡಿ ಉದುರಿತು. ತಾಮ್ರ ಆಗಿದ್ದರೆ ಕೆಂಪು ಹುಡಿ ಬೀಳಬೇಕು. ಎರಡು ತುಂಡಾಯಿತು. ಒಳಗಿನ ಚಪ್ಪಟೆ ಕೊಳವೆಗಳು ಬಿಳಿ ಲೋಹದವು, ಅಲ್ಯೂಮಿನಿಯಂ, ಅದರ ಮೈಗೆ ಅಲ್ಲಲ್ಲಿ ಕೆಂಪು ಹತ್ತಿಕೊಂಡಿತ್ತು. ಕೆಂಪು ಇದ್ದ ಕಡೆ ಸೂಜಿ ಚುಚ್ಚಿದಂಥ ತೂತು. ಟ್ಯೂಬಿನ ನೀಲಿ ಎಲ್ಲಿಗೆ ಹೋದದ್ದು ಅಂತ ಆಗ ಗೊತ್ತಾಯಿತು. ಪಾಚಿಯನ್ನು ಕೊಂದು ಮುಗಿದದ್ದಲ್ಲ, ಇಲ್ಲಿ ಬಂದು ಕೂತದ್ದು.

ಮಗಳು ಹಿಂದೆ ಬಂದು ನಿಂತಿದ್ದು ನನಗೆ ಗೊತ್ತಾಗಲಿಲ್ಲ. ಅವಳು ಒಂದು ತುಂಡನ್ನು ತೆಗೆದುಕೊಂಡು ಕೆಂಪಿನ ಮೇಲೆ ಬೆರಳು ಎಳೆದಳು. ಬೆರಳು ಕೆಂಪಾಯಿತು. ಅದನ್ನು ನನಗೆ ತೋರಿಸಿದಳು.

"ಸುಣ್ಣ ಸಾಲ್ಲಿಲ್ಲ ಅಪ್ಪ" ಅಂದಳು.

ನಗಬೇಕಾ ಏನು ಅಂತ ಗೊತ್ತಾಗದೆ ನಾನು ವೈಸು ಸಡಿಲ ಮಾಡಿದೆ.

ಎಂಜಿನಿಯರ್ ಒಳ್ಳೆಯವರು. ಹಾಸ್ಟೆಲಿನ ಚಿತ್ರವನ್ನು ಬೇರೆಯವರಿಂದ ಮುಗಿಸಿದರೂ ಇವಳು ಮಾಡಿದ್ದು ಅವರಿಗೆ ಹಿಡಿಸಿತ್ತು. ಆದರೆ ಮನೆಯಲ್ಲಿ ಕೂತು ಮಾಡುವ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ತಮ್ಮ ಆಫೀಸಿನಲ್ಲಿ ಒಂದು ಕುರ್ಚಿ ಇದೆ, ದಿನಾ ಬಂದು ಮಾಡುವುದಾದರೆ ಬರಬಹುದು ಅಂದರು. ಮಗಳು ಹೋದಳು. ಬೆಳಿಗ್ಗೆ ನಾನೇ ಸ್ಕೂಟರಿನಲ್ಲಿ ಬಸ್ಸಿಗೆ ಬಿಡುತ್ತೇನೆ. ಅಲ್ಲಿಯ ಯಂತ್ರ ದೊಡ್ಡದಂತೆ, ಬರೇ ಫ್ಯಾನಿನದ್ದಂತೆ, ಎಸಿ ರೂಮಿನಲ್ಲಿ ಇದೆಯಂತೆ. ಅವರು ಹೇಳಿದ ಬಣ್ಣವನ್ನೇ ಹಾಕಬೇಕಂತೆ. ಬೇರೆ ಏನೂ ಅವಳು ಹೇಳುವುದಿಲ್ಲ. ಸಂಜೆ ಬಂದವಳು ಚಾವಡಿಯ ಮೂಲೆಯ ಮೇಜಿನ ಕಡೆ ಹೋಗುವುದಿಲ್ಲ. ಆ ಮೇಜಿನ ಮೇಲೆ ಈಗ ಹೆಂಡತಿ ಒಗೆದ ಬಟ್ಟೆ ಮಡಚಿ ಇಡುತ್ತಾಳೆ.

ಒಮ್ಮೆ ಬಸ್ಸಿಗೆ ಕಾಯುವಾಗ ಹೇಳಿದೆ. "ಇನ್ನೊಂದು ಪೆಟ್ಟಿಗೆ ತರುವ ಮಗಾ. ಈ ಸಲ ನೀರು ಬೇಡ, ಗಾಳಿಯದ್ದೇ ಸಾಕು."

"ನೋಡುವ" ಅಂದಳು.

ನಮ್ಮಲ್ಲಿ ನೋಡುವ ಅಂದರೆ ಏನು ಅಂತ ನಮಗೆ ಗೊತ್ತುಂಟು. ಅದರ ಮೇಲೆ ನಾನು ಏನು ಹೇಳಬೇಕಿತ್ತೋ, ಬಸ್ಸು ಬಂತು.

ಊರಿನವರು ಈಗಲೂ ಕೇಳುತ್ತಾರೆ. "ಮಗಳು ಇಲ್ಲೇ ಇದ್ದಾಳಾ?" ಅಂತ. "ಪುತ್ತೂರಿನಲ್ಲಿ ಕೆಲಸ ಉಂಟು" ಎಂದು ಹೇಳುತ್ತೇನೆ. ಸುಳ್ಳಲ್ಲ. ಮೊದಲಿನ ಹಾಗೆ ಗಂಟಲು ದೊಡ್ಡದು ಮಾಡಿ ಹೇಳಲು ಆಗುವುದಿಲ್ಲ ಅಷ್ಟೇ. ಮಳೆ ಜೋರಿರುವ ಆಟಿ ತಿಂಗಳಲ್ಲಿ ಎರಡನೇ ಸಲದ ಮದ್ದು ಬಿಡಲು ಮೈಲುತುತ್ತು ಕರಗಿಸಿದೆ. ಕತ್ತಿ ಅದ್ದಿ ನೋಡಿದೆ, ಬೆಳ್ಳಗೇ ಬಂತು. ಸುಣ್ಣ ಸರಿ ಇತ್ತು.

ಈಗ ನನ್ನ ಹತ್ತಿರ ಇರುವುದು ಇಷ್ಟು. ಪಿಕಪ್ ಒಂದು. ಸ್ಕೂಟರ್ ಒಂದು. ಪೈಪ್ ರೆಂಚು ಮೂರು, ವೈಸು ಒಂದು. ಅಟ್ಟದಲ್ಲಿ ಮೈಲುತುತ್ತು ಅರ್ಧ ಚೀಲ. ಮೂಲೆಯಲ್ಲಿ ನಾನು ಮಾಡಿದ ಮೇಜು ಒಂದು. ಅದರ ಅಡಿಯಲ್ಲಿ ಕಪ್ಪು ಪೆಟ್ಟಿಗೆ ಒಂದು, ಖಾಲಿ. ರೇಡಿಯೇಟರ್ ಎರಡು ತುಂಡು. ಮುಷ್ಟಿಗಿಂತ ಸಣ್ಣ ಪಂಪು ಒಂದು, ಅದು ಓಡುತ್ತದೆ. ಹೆಂಡತಿ ಒಬ್ಬಳು. ಮಗಳು ಒಬ್ಬಳು, ಸಂಜೆಯ ಕೊನೆಯ ಬಸ್ಸಿಗೆ ಬರುತ್ತಾಳೆ.